ಶೇಷಗಿರಿ ಸರ್ ಎಳೆಯದೆ ಬಿಟ್ಟ ಗೆರೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ, ಶೇಷಗಿರಿ ಸರ್ ಬಗ್ಗೆ ಬರೆಯಲು ಕೂತವಳು ಅವರನ್ನು ಹೊಗಳಿಕೊಂಡೇ ಹೋಗುತ್ತಾಳೆ ಅಂದುಕೊಳ್ಳುತ್ತೀರಿ. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಏಳು ವರ್ಷ ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದೆ. ಅದನ್ನು ಅವರ ಮುಂದೆ ಹೇಳಿ ಹಗುರಾಗೋಣ ಅಂತ ಹೋದರೆ, ಪುಣ್ಯಾತ್ಮ ಅದನ್ನೂ ನನ್ನ ಕೈಯಿಂದ ಕಿತ್ತುಕೊಂಡರು.

ನಾನು ಪದ್ಮಶ್ರೀ, ಕೊಡಿಗೇಹಳ್ಳಿಯವಳು. ನಮ್ಮ ಮನೆಯಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ, ಹನ್ನೊಂದು ಜನರ ಕಂಪನಿ ಇತ್ತು. 2009ರಲ್ಲಿ ಅಲ್ಲಿ ಸೇರಿದೆ. ಶೇಷಗಿರಿ ಸರ್ ನನ್ನ ಮೇಲಿನವರು. ಆಗ ಅವರಿಗೆ ಐವತ್ತೆರಡು. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ದುಡಿದು, ಸ್ವಯಂ ನಿವೃತ್ತಿ ತಗೊಂಡು, ಆಮೇಲೆ ತಾವೇ ಕೂತು ಓದಿ ಡ್ರೈವರ್ ಬರೆಯುವುದನ್ನು ಕಲಿತಿದ್ದರು. ದಿನಾ ವಿದ್ಯಾರಣ್ಯಪುರದಿಂದ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ಬಗಲಿನ ಚೀಲದಲ್ಲಿ ಅವರ ಹೆಂಡತಿ ಕೌಸಲ್ಯಾ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿ, ಜೇಬಿನಲ್ಲಿ ಕೆಂಪು ಇಂಕಿನ ಪೆನ್ನು.

ನಮ್ಮ ಕೆಲಸ ಏನು ಅಂತ ಎರಡು ಮಾತು ಹೇಳಬೇಕು. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮಿಗೂ ಅದಕ್ಕೆ ಚುಚ್ಚಿದ ಯಂತ್ರಕ್ಕೂ ನಡುವೆ ಕೂತು ಮಾತಾಡಿಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ನಾವು ಸಣ್ಣ ನರ್ಸಿಂಗ್ ಹೋಮುಗಳಿಗಾಗಿ ಒಂದು ಪೆಟ್ಟಿಗೆ ಮಾಡುತ್ತಿದ್ದೆವು. ವಾರ್ಡ್ ಬಾಕ್ಸ್ ಅಂತ ಅದರ ಹೆಸರು. ಅದರೊಳಗೆ ನಿಜವಾದ ನೆಟ್‌ವರ್ಕ್ ಕಾರ್ಡು ಒಂದೇ. ಆದರೆ ನರ್ಸು ಯಾವುದಾದರೂ ಹಾಸಿಗೆಯ ಪಕ್ಕ ಮಾನಿಟರ್ ತಂದು ಕೇಬಲ್ ಚುಚ್ಚಿದ ತಕ್ಷಣ, ಆ ಹಾಸಿಗೆಗೆಂದೇ ಒಂದು ಹೊಸ ನೆಟ್‌ವರ್ಕ್ ಡಿವೈಸನ್ನು ನಮ್ಮ ಡ್ರೈವರ್ ಅಲ್ಲೇ ಹುಟ್ಟಿಸುತ್ತಿತ್ತು. ಕೈಯಲ್ಲಿ ಮುಟ್ಟುವಂಥ ವಸ್ತುವಲ್ಲ, ಬರೀ ಮೆಮೊರಿಯಲ್ಲಿರುವ ವರ್ಚುವಲ್ ಡಿವೈಸು. ರೋಗಿಯ ನಾಡಿಬಡಿತ, ಆಮ್ಲಜನಕದ ಅಂಕಿಗಳು ಅದರ ಮೂಲಕ ನರ್ಸಿನ ಮೇಜಿನ ಪರದೆಗೆ ಬರುತ್ತಿದ್ದವು. ಕೇಬಲ್ ಕಿತ್ತರೆ ಡಿವೈಸು ಹೋಗಬೇಕು, ಪರದೆಯಿಂದ ಆ ಹಾಸಿಗೆಯ ಸಾಲೂ ಹೋಗಬೇಕು. ಇಷ್ಟೇ.

ಹುಟ್ಟಿಸುವುದು ಸುಲಭ. ಕಳಿಸಿಕೊಡುವುದರಲ್ಲಿದೆ ಕಷ್ಟ. ಒಂದು ಡಿವೈಸನ್ನು ಸಿಸ್ಟಮ್ಮಿನ ಎಷ್ಟೋ ಭಾಗಗಳು ಹಿಡಿದುಕೊಂಡಿರುತ್ತವೆ. ಪರದೆ ಹಿಡಿದಿರುತ್ತದೆ, ಅಲಾರಂ ಹಿಡಿದಿರುತ್ತದೆ. ಎಷ್ಟು ಜನ ಹಿಡಿದಿದ್ದಾರೆ ಅಂತ ಸಿಸ್ಟಮ್ಮು ಎಣಿಕೆ ಇಟ್ಟಿರುತ್ತದೆ. ಕೊನೆಯವರು ಬಿಡುವವರೆಗೂ ಡಿವೈಸು ಹೋಗುವಂತಿಲ್ಲ. ಯಾರಾದರೂ ಒಬ್ಬರು ಬಿಡುವುದನ್ನು ಮರೆತರೋ, ಮುಗೀತು. ಹತ್ತು ಸೆಕೆಂಡಿಗೊಮ್ಮೆ ಒಂದೇ ಸಂದೇಶ ಬರುತ್ತದೆ: ಇನ್ನೂ ಯಾರೋ ಹಿಡಿದಿದ್ದಾರೆ, ಕಾಯುತ್ತಿದ್ದೇನೆ, ಎಣಿಕೆ ಒಂದು.

ಅದಕ್ಕೇ ಸರ್ ಒಂದು ಪದ್ಧತಿ ಮಾಡಿಕೊಂಡಿದ್ದರು. ಡಿವೈಸನ್ನು ತೆಗೆಯುವ ಭಾಗವನ್ನು ಮೊದಲು ಬರೆಯಬೇಕು, ಹುಟ್ಟಿಸುವ ಭಾಗವನ್ನು ಆಮೇಲೆ. ಲೋಕವೆಲ್ಲ ತಿರುಗಾಮುರುಗಾ ಬರೆಯುತ್ತದೆ, ಇವರು ಮಾತ್ರ ಹೀಗೆ. ಬರೆದದ್ದನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಡಬೇಕು. ಶನಿವಾರ ಅವರು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದರು. ಎಲ್ಲೆಲ್ಲಿ ಡಿವೈಸನ್ನು ಹಿಡಿದಿದೆಯೋ ಅಲ್ಲಿಂದ ಶುರು ಮಾಡಿ, ಅದನ್ನು ಬಿಟ್ಟ ಜಾಗದವರೆಗೆ ಒಂದು ಗೆರೆ ಎಳೆಯುತ್ತಿದ್ದರು. ಎಲ್ಲಾ ಹಿಡಿತಕ್ಕೂ ಗೆರೆ ಸಿಕ್ಕಿದರೆ ಮೂಲೆಯಲ್ಲಿ ಟಿಕ್ಕು. ಸಿಗದಿದ್ದರೆ ಕಾಗದ ವಾಪಸ್ಸು. ಟಿಕ್ಕು ಬಿದ್ದದ್ದನ್ನು ಅವರೊಬ್ಬರೇ ಕಂಪನಿಯ ಕೋಡಿಗೆ ಸೇರಿಸುತ್ತಿದ್ದರು. ಹಾಗಾಗಿ ಯಾರು ಬರೆದ ಸಾಲೇ ಇರಲಿ, ದಾಖಲೆಯಲ್ಲಿ ಶೇಷಗಿರಿ ಅಂತಲೇ ಇರುತ್ತಿತ್ತು.

ನನ್ನ ಕಾಗದಗಳು ಎಷ್ಟು ಸಲ ವಾಪಸ್ಸು ಬಂದಿವೆಯೋ ದೇವರಿಗೇ ಗೊತ್ತು. ಮುಖ ಊದಿಸಿಕೊಂಡು ತಿದ್ದುತ್ತಿದ್ದೆ. ಅವರು ಬೈಯುತ್ತಿರಲಿಲ್ಲ, ಅದೇ ಇನ್ನಷ್ಟು ಉರಿಸುತ್ತಿತ್ತು. 2011ರ ಜೂನಿನಲ್ಲಿ ಒಂದು ದೊಡ್ಡ ಡೆಮೋ ಬಂತು. ಅದು ಗೆದ್ದರೆ ಪೆಟ್ಟಿಗೆ ನಲವತ್ತು ಕಡೆ ಹೋಗುತ್ತದೆ ಅಂತ ಮಾಲೀಕ ಗುರುಚರಣ್ ಕುಣಿಯುತ್ತಿದ್ದರು. ಕೆಲಸ ನೋಡಿದರೆ ಎರಡು ವಾರ ಹಿಂದೆ ಬಿದ್ದಿತ್ತು. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಗೆರೆ ಎಳೆಯೋದ್ರಲ್ಲೇ ಕಂಪನಿ ಮುಚ್ಚೋಗತ್ತೆ ಸರ್. ಕಾಲ ಎಲ್ಲೋ ಹೋಯ್ತು, ನೀವಿನ್ನೂ ಪೆನ್ನು ಹಿಡ್ಕೊಂಡು ಕೂತಿದೀರಾ" ಅಂದುಬಿಟ್ಟೆ. ಯಾರೋ ಕಿಸಕ್ಕಂದರು. ಸರ್ ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆಯಲು ಎದ್ದು ಹೋದರು.

ಡೆಮೋಗೆ ಎರಡು ದಿನ ಇದೆ ಅನ್ನುವಾಗ ಪೆಟ್ಟಿಗೆ ನಿಂತುಹೋಗತೊಡಗಿತು. ಕೇಬಲ್ ಕಿತ್ತು ಮತ್ತೆ ಚುಚ್ಚಿದರೆ ಕೆಲವೊಮ್ಮೆ ಅದೇ ಸಂದೇಶ: ಕಾಯುತ್ತಿದ್ದೇನೆ, ಎಣಿಕೆ ಒಂದು. ಯಾರು ಹಿಡಿದಿದ್ದಾರೆ ಅಂತ ಹುಡುಕಲು ನನಗೆ ಪುರುಸೊತ್ತಿರಲಿಲ್ಲ. ಐದು ಸಾಲು ಬರೆದೆ. ಹಳೆಯ ಡಿವೈಸು ಹೋಗದೆ ಕೂತಿದ್ದರೆ ಕಾಯುವುದು ಬೇಡ, ಹೊಸದು ಹುಟ್ಟಿಸುವುದೂ ಬೇಡ, ಅದನ್ನೇ ಮತ್ತೆ ಬಳಸಿಕೋ. ಪೆಟ್ಟಿಗೆ ನಿಲ್ಲುವುದು ನಿಂತಿತು. ಪ್ರಿಂಟ್ ತೆಗೆದು ಸರ್ ಮೇಜಿನ ಮೇಲಿಟ್ಟೆ. ಅರ್ಧ ಗಂಟೆಯಲ್ಲಿ ಟಿಕ್ಕು ಬಿತ್ತು. ಅಷ್ಟು ಬೇಗ ಯಾವತ್ತೂ ಬಿದ್ದಿರಲಿಲ್ಲ. ಅವರು ಅವಸರದಲ್ಲಿ ಸರಿಯಾಗಿ ಓದಿಲ್ಲ ಅಂತ ನಾನು ಅಂದುಕೊಂಡೆ, ಒಳಗೊಳಗೇ ಖುಷಿಯಾಯಿತು.

ಡೆಮೋ ಗೆದ್ದಿತು. ಅಷ್ಟು ಹೊತ್ತಿಗೆ ಆರು ನರ್ಸಿಂಗ್ ಹೋಮುಗಳಲ್ಲಿ ನಮ್ಮ ಪೆಟ್ಟಿಗೆ ಇತ್ತು. ಹೊಸ ಕೋಡು ಅಲ್ಲಿಗೂ ಹೋಯಿತು.

ಆಗಸ್ಟಿನಲ್ಲಿ, ನಮ್ಮ ಆಫೀಸಿಗೆ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಹುಣಸಮಾರನಹಳ್ಳಿಯ ಬ್ಯಾಟರಾಯಪ್ಪ ಅನ್ನುವ ಹಿರಿಯರು ಮಲಗಿದ್ದರು, ನಾಲ್ಕನೆಯ ಹಾಸಿಗೆಯಲ್ಲಿ. ಬೆಳಿಗ್ಗೆ ಎಕ್ಸ್‌ರೇಗೆ ಕರೆದುಕೊಂಡು ಹೋಗುವಾಗ ಕೇಬಲ್ ಕಿತ್ತರು, ವಾಪಸ್ಸು ಬಂದ ಮೇಲೆ ಚುಚ್ಚಿದರು. ಹಳೆಯ ಡಿವೈಸು ಹೋಗಿರಲಿಲ್ಲ. ನನ್ನ ಐದು ಸಾಲು ಅದನ್ನೇ ಬಳಸಿಕೊಂಡವು. ಹೊಸ ಅಂಕಿಗಳು ಒಳಗೆಲ್ಲೋ ಸಿಕ್ಕಿಹಾಕಿಕೊಂಡವು, ಪರದೆ ಹಳೆಯದನ್ನೇ ತೋರಿಸುತ್ತಾ ಹೋಯಿತು. ನಾಡಿ ಎಪ್ಪತ್ತೆಂಟು. ಎಪ್ಪತ್ತೆಂಟು. ಎಪ್ಪತ್ತೆಂಟು. ಅಲಾರಮ್ಮೂ ಕೂಗಲಿಲ್ಲ. ಮೇಜಿನ ಹತ್ತಿರ ಕೂತಿದ್ದ ನರ್ಸಿಗೆ ಎಲ್ಲಾ ಸರಿಯಿದ್ದಂತೆ ಕಂಡಿತು. ಅಲ್ಲಿ ಆಯಾ ಕೆಲಸ ಮಾಡುತ್ತಿದ್ದ ದಾನವ್ವ, ಹೊದಿಕೆ ಸರಿ ಮಾಡಲು ಹೋದವಳು, ಆತನ ಕಾಲು ಮುಟ್ಟಿದಳು. ತಣ್ಣಗಿತ್ತು. ಡಾಕ್ಟರನ್ನು ಕೂಗಿ ಕರೆದಳು.

ಬ್ಯಾಟರಾಯಪ್ಪ ಉಳಿದರು. ನಾಡಿ ಕುಸಿದಾಗ ಸ್ವಾಧೀನ ತಪ್ಪಿದ ಎಡಗೈ ಮಾತ್ರ ಸರಿಹೋಗಲಿಲ್ಲ. ಇಪ್ಪತ್ತು ನಿಮಿಷ ಮುಂಚೆ ಗೊತ್ತಾಗಿದ್ದರೆ ಕೈ ಉಳಿಯುತ್ತಿತ್ತಾ ಅಂತ ಕೇಳಿದರೆ, ಹೇಳಕ್ಕಾಗಲ್ಲ ಅಂದರು ಡಾಕ್ಟರು. ಆ ಉತ್ತರ ಕೇಳಿದಾಗಿನಿಂದ ಅದನ್ನು ನುಂಗಲೂ ಆಗಿಲ್ಲ, ಉಗುಳಲೂ ಆಗಿಲ್ಲ.

ಮೂರನೆಯ ದಿನ ಗುರುಚರಣ್ ತಮ್ಮ ರೂಮಿಗೆ ನಮ್ಮಿಬ್ಬರನ್ನೂ ಕರೆದರು. ಕೋಡಿನ ದಾಖಲೆ ತೆರೆದಿಟ್ಟಿದ್ದರು. ಆ ಐದು ಸಾಲಿನ ಪಕ್ಕ ಶೇಷಗಿರಿ ಅಂತ ಹೆಸರು. ಗುರುಚರಣ್ ಕೆಟ್ಟವರಲ್ಲ, ಹೆದರಿದ್ದರು ಅಷ್ಟೆ. ಕೇಬಲ್ ಸಡಿಲವಾಗಿತ್ತು ಅಂತ ಹೇಳಿ ಮುಗಿಸಿಬಿಡೋಣ, ಸದ್ದಿಲ್ಲದೆ ಸರಿಮಾಡೋಣ ಅಂದರು. ಸರ್ ಒಪ್ಪಲಿಲ್ಲ. ಆರೂ ಕಡೆ ಇವತ್ತೇ ಪೆಟ್ಟಿಗೆ ಆರಿಸಬೇಕು, ಯಾಕೆ ಅಂತ ಕಾಗದದಲ್ಲಿ ಬರೆದುಕೊಡಬೇಕು ಅಂದರು. ಹಾಗೆ ಬರೆಯುವುದಾದರೆ ಯಾರ ತಪ್ಪು ಅಂತಲೂ ಬರೆಯಬೇಕಾಗುತ್ತದೆ ಅಂದರು ಗುರುಚರಣ್.

"ಬರೀರಿ. ಹೆಸರು ಅಲ್ಲೇ ಇದ್ಯಲ್ಲ" ಅಂದರು ಸರ್.

ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಊಟದ ಮನೆಯಲ್ಲಿ ಹತ್ತು ಜನರ ಮುಂದೆ ಹಿರಿಯರೊಬ್ಬರನ್ನು ಹೀಯಾಳಿಸಲು ಬಂದ ಬಾಯಿ ನನ್ನದು. ಆ ಸಾಲು ನಂದು ಅನ್ನುವ ಮೂರು ಪದ ಅದರಿಂದ ಹೊರಗೆ ಬರಲಿಲ್ಲ. ಸರ್ ನನ್ನ ಕಡೆ ನೋಡಲೂ ಇಲ್ಲ. ಎದ್ದು ಹೋಗಿ ಆರು ಪ್ರತಿ ಬರೆದರು, ಆರಕ್ಕೂ ಸಹಿ ಹಾಕಿದರು, ಚೀಲಕ್ಕೆ ಹಾಕಿಕೊಂಡು ಬಸ್ಸಿನಲ್ಲಿ ತಾವೇ ಹೊರಟರು. ಹೆಬ್ಬಾಳ, ಯಲಹಂಕ, ಯಶವಂತಪುರ, ಆರ್.ಟಿ. ನಗರ ಸುತ್ತಿ ಮಾರನೆಯ ದಿನ ಮಧ್ಯಾಹ್ನ ವಾಪಸ್ಸು ಬಂದಾಗ ಅವರ ಮೇಜು ಖಾಲಿ ಮಾಡಿಸಿದ್ದರು. ಪೆನ್ನು, ಡಬ್ಬಿ, ಪ್ರಿಂಟ್ ಕಾಗದಗಳ ಒಂದು ಕಟ್ಟು. ಎತ್ತಿಕೊಂಡು ಹೋದರು.

ಒಂದು ತಿಂಗಳ ಮೇಲೆ ನನ್ನ ಹೆಸರಿಗೆ ಒಂದು ಲಕೋಟೆ ಬಂತು. ಒಂಬತ್ತು ಹಾಳೆ, ಅವರ ಕೈಬರಹದಲ್ಲಿ. ಡಿವೈಸನ್ನು ತೆಗೆಯುವ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆದಿದ್ದರು. ಯಾರು ಬಿಡದೆ ಹಿಡಿದಿದ್ದರು ಅನ್ನುವುದೂ ಅದರಲ್ಲಿತ್ತು. ಅಲಾರಮ್ಮಿನ ಭಾಗ. ಅದನ್ನೂ ನಾನೇ ಬರೆದದ್ದು, ಅವರ ಪದ್ಧತಿ ಬಿಟ್ಟು, ಹಿಡಿಯುವುದನ್ನು ಮೊದಲು ಬರೆದು. ಕೇಬಲನ್ನು ಅಲಾರಂ ಕೂಗುತ್ತಿರುವಾಗಲೇ ಕಿತ್ತರೆ, ಬಿಡುವ ಸಾಲಿಗೆ ಅದು ಬರುತ್ತಲೇ ಇರಲಿಲ್ಲ. ಲಕೋಟೆಯಲ್ಲಿ ಪತ್ರವಿರಲಿಲ್ಲ, ಒಂದು ಮಾತೂ ಇರಲಿಲ್ಲ. ನಾನು ಹಾಳೆ ನೋಡಿಕೊಂಡು ಟೈಪ್ ಮಾಡಿದೆ. ತಿಂಗಳುಗಟ್ಟಲೆ ಕೇಬಲ್ ಕಿತ್ತು ಚುಚ್ಚಿ ಪರೀಕ್ಷೆ ಮಾಡಿದೆವು. ಆಮೇಲೆ ಪೆಟ್ಟಿಗೆಗಳು ಮತ್ತೆ ಚಾಲೂ ಆದವು. ಅಷ್ಟು ಹೊತ್ತಿಗೆ ಕೋಡು ಸೇರಿಸುವ ಕೆಲಸ ನನಗೆ ಬಂದಿತ್ತು. ಹಾಗಾಗಿ ದಾಖಲೆಯಲ್ಲಿ ನನ್ನ ಕೆಟ್ಟ ಐದು ಸಾಲು ಅವರ ಹೆಸರಿನಲ್ಲಿದೆ, ಅವರ ಒಂಬತ್ತು ಹಾಳೆ ನನ್ನ ಹೆಸರಿನಲ್ಲಿದೆ.

ನೋಡಲು ಹೋಗಬೇಕು, ಹೇಳಬೇಕು ಅಂತ ಎಷ್ಟು ಸಲ ಅಂದುಕೊಂಡೆನೋ. ಒಮ್ಮೆ ವಿದ್ಯಾರಣ್ಯಪುರದ ಅವರ ಬೀದಿಯ ತುದಿಯವರೆಗೂ ಹೋಗಿ, ಅಲ್ಲಿಂದ ಅದೇ ಬಸ್ಸಿನಲ್ಲಿ ಹಿಂದಿರುಗಿದ್ದೇನೆ. ಅವರು ನನ್ನನ್ನು ಉಳಿಸಲು ಹೆಸರು ಕೆಡಿಸಿಕೊಂಡರು, ನಾನು ಬಾಯಿಗೆ ಬೀಗ ಹಾಕಿಕೊಂಡು ಅವರ ಕುರ್ಚಿಯಲ್ಲಿ ಕೂತೆ. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಮನೆಯಲ್ಲಿ ಅಮ್ಮ ಮುನಿವೆಂಕಟಮ್ಮ, "ಯಾಕಮ್ಮ ಇಂಗೆ ಸುಮ್ಕೆ ಸಿಡುಕ್ತೀಯ" ಅನ್ನುತ್ತಿದ್ದಳು. ಅವಳ ಮೇಲೂ ರೇಗುತ್ತಿದ್ದೆ.

2018ರ ನವೆಂಬರಿನಲ್ಲಿ ದಾನವ್ವ ಫೋನ್ ಮಾಡಿದಳು. ಪೆಟ್ಟಿಗೆ ಕೆಲಸಕ್ಕೆ ಹೋಗಿ ಬಂದು ಅವಳ ಪರಿಚಯ ಚೆನ್ನಾಗಿತ್ತು. ಅವತ್ತು ಕಾಗದ ತಂದಿದ್ದ ನಿಮ್ಮ ಸಾಹೇಬರು ಇಲ್ಲಿ ಬಂದು ಮಲಗಿದ್ದಾರೆ, ಹೃದಯ ಸೋತಿದೆ, ದೊಡ್ಡ ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ ಅಂತ ಕಳಿಸಿದ್ದಾರೆ ಅಂದಳು. ಅರ್ಧ ದಿನ ರಜಾ ಹಾಕಿ ಹೋದೆ.

ಆರನೆಯ ಹಾಸಿಗೆ. ಕಾಲು ಬಾತಿತ್ತು, ಮುಖ ಇಳಿದಿತ್ತು. ಪಕ್ಕದಲ್ಲಿ ನಮ್ಮ ಮಾನಿಟರು, ಗೋಡೆಗೆ ನಮ್ಮ ಕೇಬಲ್ಲು. ಕೌಸಲ್ಯಾ ಮೇಡಂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ನನ್ನ ಜೊತೆ ಮಾತಾಡಲು ಅವರಿಗೆ ಕಸಿವಿಸಿಯೇನೂ ಇದ್ದಂತೆ ಕಾಣಲಿಲ್ಲ. ಸರ್ ಎರಡನೇ ಶನಿವಾರಗಳಲ್ಲಿ ಏಲಕ್ಕಿ ಬಾಳೆಹಣ್ಣು ತಗೊಂಡು ಹುಣಸಮಾರನಹಳ್ಳಿಗೆ ಹೋಗಿ ಬ್ಯಾಟರಾಯಪ್ಪನವರನ್ನು ನೋಡಿಕೊಂಡು ಬರುತ್ತಿದ್ದರಂತೆ. ಆತ ಹೋದ ವರ್ಷ ತೀರಿಕೊಳ್ಳುವವರೆಗೂ ತಪ್ಪಿಸಲಿಲ್ಲವಂತೆ. ನನಗೆ ಇದು ಗೊತ್ತೇ ಇರಲಿಲ್ಲ.

ಮೇಡಂ ಕಾಫಿ ತರಲು ಆಚೆ ಹೋದ ತಕ್ಷಣ ಹೇಳಿಬಿಟ್ಟೆ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಮತ್ತೆ ಎದ್ದು ಬಂದುಬಿಡುತ್ತಿದ್ದೆ.

"ಸರ್, ಆ ಐದು ಸಾಲು ನಂದು. ಅವತ್ತು ರೂಮಲ್ಲಿ ನಾನು ಬಾಯಿ ಬಿಡ್ಲಿಲ್ಲ."

"ನಿಂದಲ್ದೆ ಇನ್ಯಾರ್ದು?" ಅಂದರು. ಉಸಿರು ಎಳೆದುಕೊಂಡು ಮಾತಾಡುತ್ತಿದ್ದರು. "ನಿನ್ನ ಕೋಡು ನನಗೆ ದೂರದಿಂದ್ಲೇ ಗೊತ್ತಾಗತ್ತೆ."

"ಮತ್ಯಾಕ್ ಸರ್ ನಿಮ್ಮ ಮೇಲೆ ಹಾಕ್ಕೊಂಡ್ರಿ? ನನ್ನ ಉಳಿಸಕ್ಕೇ?"

ಅವರು ಮಾನಿಟರಿನ ಕಡೆ ತಿರುಗಿದರು. ನಾಡಿ ನೂರಾ ನಾಲ್ಕಿತ್ತು.

"ಹಾಗಂತ ಅಂದ್ಕೊಂಡಿದೀಯಾ ಇಷ್ಟ್ ವರ್ಷ? ಅಲ್ಲ ಕಣಮ್ಮ. ನಾನು ಅದನ್ನ ಓದ್ದೆ. ಪೂರ್ತಿ ಓದ್ದೆ. ತಪ್ಪು ಅಂತ ಗೊತ್ತಾಯ್ತು. ಗೊತ್ತಾಗಿ ಟಿಕ್ ಹಾಕ್ದೆ."

ಉಸಿರು ಎಳೆದುಕೊಂಡು ಅವರೇ ಮುಂದುವರಿಸಿದರು.

"ಎಲ್ಲಾರೂ ತಡ ತಡ ಅಂತಿದ್ರು. ಒಂದ್ಸಲ ಬೇಗ ಬಿಟ್ಬಿಡೋಣ ಅನ್ನಿಸ್ತು. ಒಂದೇ ಒಂದ್ಸಲ. ನಾನು ತಡೀಬೇಕಿತ್ತು, ತಡೀಲಿಲ್ಲ. ಹೆಸರು ಇರೋ ಜಾಗದಲ್ಲೇ ಇದೆ ಬಿಡು."

'ಎಲ್ಲಾರೂ' ಅಂದರು ಸರ್. ಊಟದ ಮನೆಯಲ್ಲಿ ಹಾಗೆ ಅಂದವಳು ನಾನೊಬ್ಬಳೇ. ಅದು ಅವರಿಗೂ ಗೊತ್ತಿತ್ತು, ಆದರೂ 'ಎಲ್ಲಾರೂ' ಅಂದರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಹಾಗಾದರೆ ಏಳು ವರ್ಷ ನಾನು ನಿದ್ದೆ ಕೆಡಿಸಿಕೊಂಡದ್ದು ಯಾವ ಪುರುಷಾರ್ಥಕ್ಕೆ ಸರ್, ಒಂದು ಫೋನ್ ಮಾಡಿ ಹೇಳಬಾರದಿತ್ತಾ ಅಂತ ಸಾಯುತ್ತಿರುವವರ ಮೇಲೆ ರೇಗಿದೆ. ಅವರು ನಗಲು ಹೋಗಿ ಕೆಮ್ಮಿದರು. ನೀನೂ ಕೇಳಲಿಲ್ಲ, ನನಗೂ ನಾಚಿಕೆಯಾಗುತ್ತಿತ್ತು ಅಂದರು.

ಮಾರನೆಯ ದಿನ ಹೋದಾಗ ಕೌಸಲ್ಯಾ ಮೇಡಂ ನನ್ನ ಕೈಗೆ ಒಂದು ಕಾಗದ ಕೊಟ್ಟರು. ಮನೆಯಲ್ಲಿದ್ದ ಕಟ್ಟಿನಿಂದ ಸರ್ ಹೇಳಿ ಹುಡುಕಿ ತರಿಸಿದ್ದರಂತೆ. ನನ್ನ ಐದು ಸಾಲಿನ ಪ್ರಿಂಟು. ಹಳೆಯ ಡಿವೈಸನ್ನು ಮತ್ತೆ ಹಿಡಿದುಕೊಳ್ಳುವ ಸಾಲಿನಿಂದ ಕೆಂಪು ಗೆರೆ ಶುರುವಾಗಿತ್ತು. ಕೆಳಗೆ ಇಳಿದು, ಹಾಳೆಯ ಅರ್ಧಕ್ಕೆ ನಿಂತಿತ್ತು. ನಿಂತ ಜಾಗದಲ್ಲಿ ಇಂಕು ಚುಕ್ಕೆಯಾಗಿ ಹರಡಿತ್ತು, ಪೆನ್ನು ಅಲ್ಲೇ ಬಹಳ ಹೊತ್ತು ಇಟ್ಟುಕೊಂಡು ಕೂತಿದ್ದಿರಬೇಕು. ಮೂಲೆಯಲ್ಲಿ ಟಿಕ್ಕು. ಸರ್ ನಿದ್ದೆಯಲ್ಲಿದ್ದರು. ಕಾಗದ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ.

ಇನ್ನೆರಡು ದಿನ ಬಿಟ್ಟು, ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅವರು ಹೋದರು. ನಾನು ಅಲ್ಲೇ ಇದ್ದೆ. ಡಾಕ್ಟರು ಬಂದು ನೋಡಿದರು, ಸಮಯ ಬರೆದುಕೊಂಡರು. ಕೌಸಲ್ಯಾ ಮೇಡಂ ಅವರ ಪಾದ ಹಿಡಿದುಕೊಂಡು ಕೂತಿದ್ದರು. ಅಲ್ಲಿ ನಿಲ್ಲಲಾಗದೆ ನಾನು ನರ್ಸಿನ ಮೇಜಿನ ಹತ್ತಿರ ಬಂದೆ. ಪರದೆಯ ಮೇಲೆ ಏಳು ಹಾಸಿಗೆಗಳ ಸಾಲಿದ್ದವು. ಆರನೆಯದರಲ್ಲಿ ಸೊನ್ನೆಗಳು, ಅದರ ಮುಂದೆ ಶೇಷಗಿರಿ ಅಂತ ಹೆಸರು.

ಮಾನಿಟರನ್ನು ಬೇರೆ ಹಾಸಿಗೆಗೆ ಕೊಡಬೇಕಿತ್ತು. ದಾನವ್ವ ಗೋಡೆಯ ಹತ್ತಿರ ಹೋದವಳು, ಒಂದು ಸಲ ನನ್ನ ಮುಖ ನೋಡಿದಳು.

"ತೆಗೀಲಾ ಅಮ್ಮಾ?"

ತೆಗೆ ಅಂದೆ. ಅವಳು ಕೇಬಲ್ ಕಿತ್ತಳು.

ಆ ಒಂಬತ್ತು ಹಾಳೆ ನನಗೆ ಬಾಯಿಪಾಠ. ಒಳಗೆ ಏನಾಗುತ್ತಿದೆ ಅಂತ ಸಾಲುಸಾಲಾಗಿ ಗೊತ್ತಿತ್ತು. ಮೊದಲು ಅಲಾರಂ ಬಿಟ್ಟಿತು. ಆಮೇಲೆ ಪರದೆ ಬಿಟ್ಟಿತು. ಎಣಿಕೆ ಎರಡು, ಒಂದು, ಸೊನ್ನೆ. ಒಂದು ಸೆಕೆಂಡೂ ಹಿಡಿಯಲಿಲ್ಲ. ಆರನೆಯ ಸಾಲು ಹೋಯಿತು, ಏಳನೆಯದು ಮೇಲೆ ಬಂದು ಅದರ ಜಾಗದಲ್ಲಿ ಕೂತಿತು. ಯಾರೂ ಹಿಡಿದುಕೊಂಡಿರಲಿಲ್ಲ. ಅವರು ಬರೆದದ್ದು ಹೇಗೆ ಕೆಲಸ ಮಾಡಬೇಕಿತ್ತೋ ಹಾಗೇ ಮಾಡಿತು.

ಆ ಪರದೆಯ ಮುಂದೆ ನಿಂತು ನನಗೆ ಏನನ್ನಿಸಿತು ಅಂತ ಹೇಳಿಬಿಡುತ್ತೇನೆ. ಹೇಳದೆ ಕೂತು ಕೆಟ್ಟದ್ದು ಸಾಕು. ಬ್ಯಾಟರಾಯಪ್ಪನವರ ಕೈ ಹೋದದ್ದು ಗೊತ್ತಿದ್ದೂ, ಏಳು ವರ್ಷ ಅದಕ್ಕಾಗಿಯೇ ಬೆಂದಿದ್ದೂ, ನನ್ನ ಆ ಕೆಟ್ಟ ಐದು ಸಾಲು ಇನ್ನೂ ಒಳಗಿರಬಾರದಿತ್ತಾ ಅನ್ನಿಸಿತು. ಇದ್ದಿದ್ದರೆ ಆ ಹೆಸರು ಇನ್ನೊಂದಿಷ್ಟು ಹೊತ್ತು ಅಲ್ಲೇ ಇರುತ್ತಿತ್ತು.